ಹಾಲ್ವರ್ಸನ್‌ನ ಖಾಲಿ ತೋಟಾ

ಮೊಂಟಾನಾದ ನಮ್ಮೂರಲ್ಲಿ ಬಂದೂಕು ರಿಪೇರಿ ಮಾಡ್ತಿದ್ದವನು ಹಾಲ್ವರ್ಸನ್ ಒಬ್ಬನೇ. ಅವನ ಅಂಗಡಿಯ ಎಣ್ಣೆವಾಸನೆ ಇವತ್ತೂ ನನ್ನ ಮೂಗಿನಲ್ಲಿದೆ. ಕರಡಿ ಕಾಟಕ್ಕೆಂದು ಕೊಂಡ ನನ್ನ ದೊಡ್ಡ ರಿವಾಲ್ವರ್ ಯಾವಾಗಲೂ ಗುರಿಗಿಂತ ಕೆಳಗೇ ಹೊಡೆಯುತ್ತಿತ್ತು. ಒಯ್ದು ಅವನ ಮೇಜಿನ ಮೇಲೆ ಕುಕ್ಕಿದೆ. ಅವನು ನಳಿಕೆ ತಿಕ್ಕಿ ಸೀಸದ ಕಿಟ್ಟ ತೆಗೆದ, ತಿರುಪು ಬಿಗಿದ, ಹಿತ್ತಲಲ್ಲಿ ಗುರಿಹಲಗೆಯೆದುರು ನನ್ನನ್ನು ನಿಲ್ಲಿಸಿದ. ಐದು ಗುಂಡಿನ ನಡುವೆ ಒಂದು ಮದ್ದಿಲ್ಲದ ಖಾಲಿ ತೋಟಾ ಸೇರಿಸಿದ್ದು ನನಗೆ ಗೊತ್ತಿರಲಿಲ್ಲ. ಅದರ ಸರದಿ ಬಂದಾಗ ಬರೀ ಟಿಕ್ ಅಂತು. ನಳಿಕೆ ಮಾತ್ರ ಗಕ್ಕನೆ ನೆಲ ನೋಡಿತು.

“ನೋಡ್ದ್ಯಾ ರೂಬಿ? ಸದ್ದಿಗೆ ಮುಂಚೇನೇ ಬೆಚ್ಚಿಬೀಳ್ತೀಯ. ಪಾಪ, ಗನ್ನಿಗ್ ಯಾಕ್ ಬೈತೀಯ?”

ಊರಿನ ಅರ್ಧದಷ್ಟು ಗಂಡಸರ ಜಂಬ ಇಳಿದದ್ದೂ ಹೀಗೇ.

ಇಪ್ಪತ್ತು ವರ್ಷದ ಮೇಲೆ ಅವನೇ ತನ್ನ ರಿವಾಲ್ವರ್ ಹಿಡಿದು ನಮ್ಮ ಮನೆಗೆ ಬಂದ. “ಗುಂಡು ಎಲ್ಲೆಲ್ಲೋ ಹೋಗ್ತಿದೆ. ನಂಗೂ ಅದೇ ಪರೀಕ್ಷೆ ಮಾಡು.”

ಬೇಲಿ ಪಕ್ಕ ಗುರಿಹಲಗೆ ನಿಲ್ಲಿಸಿ, ಖಾಲಿ ತೋಟಾ ಸೇರಿಸಿ ಕೊಟ್ಟೆ. ಟಿಕ್ ಅಂದಾಗ ನಳಿಕೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೆ ಮಂಜಾದ ಕಣ್ಣು ಕಿರಿದು ಮಾಡಿ ಅವನು ಗುರಿಯಿಟ್ಟಿದ್ದು ಹಲಗೆಗಲ್ಲ, ಪಕ್ಕದ ಬೇಲಿಕಂಬಕ್ಕೆ.

“ಕೈ ಬೆಚ್ತಾ?” ಅಂದ.

“ಇಲ್ಲ ಕಣಯ್ಯ,” ಅಂದೆ. “ನಿನ್ ಗನ್ನೇ ಕೆಟ್ಟಿದೆ.”