ಆರನೇ ಸಂಪುಟದ ಮಿಸ್ತ್ರಿ

ಬೀದರ ಹತ್ತಿರದ ನೌಬಾದದ ನನ್ನ ಅಂಗಡಿಯಲ್ಲಿ ಹಳೆಯ ಕೂಲರು, ಮಂಚ, ಕಪಾಟುಗಳ ನಡುವೆ ಹತ್ತು ತೆಳು ಪುಸ್ತಕಗಳಿವೆ. ಅವು ಮಾರಾಟಕ್ಕಲ್ಲ. ಓದಲು ಕೊಡುತ್ತೇನೆ, ಹಿಡಿಸಿದರೆ ಹೊಸದನ್ನು ತರಿಸಿಕೊಡುತ್ತೇನೆ. ಜಪಾನಿನ ಕಥೆ, ಇಂಗ್ಲಿಷಿಗೆ ಬಂದದ್ದು, ನಡುನಡುವೆ ಚಿತ್ರಗಳು. ಲೈಟ್ ನಾವೆಲ್ ಅನ್ನುತ್ತಾರೆ. ಮೂರು ಅಂತಸ್ತಿನ ಎತ್ತರದ ಕಬ್ಬಿಣದ ಯಂತ್ರದೊಳಗೆ ಸೈನಿಕನೊಬ್ಬ ಕೂತು, ಅದರ ಕೈಕಾಲು ಆಡಿಸುತ್ತ ಯುದ್ಧ ಮಾಡುತ್ತಾನೆ. ಹೊಸದಾಗಿ ಓದುವವರಿಗೆ ನನ್ನ ಸಲಹೆ ಇಷ್ಟು. ಒಂದನೇ ಸಂಪುಟದಿಂದಲೇ ಶುರುಮಾಡಿ. ಮೊದಲ ನಲವತ್ತು ಪುಟ ಬರೀ ಯಂತ್ರದ ಭಾಗಗಳ ಹೆಸರು, ಬೇಸರವಾದರೆ ದಾಟಿಸಿ. ಮೂರನೆಯದು ತುಸು ಎಳೆಯುತ್ತದೆ, ಆದರೂ ಬಿಡಬೇಡಿ. ಮತ್ತೆ, ಆರನೆಯದರಲ್ಲಿ ಆ ಯಂತ್ರ ರಿಪೇರಿ ಮಾಡುವ ಮಿಸ್ತ್ರಿ ಸಾಯುತ್ತಾನೆ.

ಈ ಕೊನೆಯ ಮಾತಿಗೆ ಎಲ್ಲರೂ ಸಿಟ್ಟಾಗುತ್ತಾರೆ. ಮೈಲೂರಿನಿಂದ ಬರುವ ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕವನ್ನು ಟೇಬಲ್ಲಿನ ಮೇಲೆ ಕುಕ್ಕಿದಳು.

"ಕಾಕಾ, ಇದನ್ನ ಹೇಳಬಾರದಿತ್ತರಿ. ಇನ್ನ ಓದೋದು ಏನ್ ಉಳೀತು?"

"ಅವಾ ಹ್ಯಾಂಗ ಬದುಕಿದ್ದ ಅನ್ನೋದು ಉಳೀತು. ತಗೊಂಡ್ ಹೋಗವ್ವಾ."

ಮೊದಲೇ ಹೇಳಿದರೆ ಗಿರಾಕಿ ಕೈತಪ್ಪುತ್ತದೆ. ಗೊತ್ತಿದ್ದೇ ಹೇಳುತ್ತೇನೆ.

ಸೈಕಲ್ಲಿನ ಮೇಲೆ ರದ್ದಿ ಕೊಳ್ಳುತ್ತ ಈ ಅಂಗಡಿಯವರೆಗೆ ಬಂದವನು ನಾನು. ವರ್ಗವಾಗಿ ಹೋಗುವ ಕುಟುಂಬವೊಂದರ ಸಾಮಾನಿನ ಜೊತೆ ಈ ಪುಸ್ತಕಗಳ ಪೆಟ್ಟಿಗೆ ಬಂತು. ಬೆಲೆ ಕಟ್ಟಲೆಂದು ತೆರೆದವನು ಊಟ ಮರೆತು ಓದಿದೆ. ಗ್ಯಾರಂಟಿ ಕಾರ್ಡುಗಳನ್ನು ಓದಿ ಕಲಿತ ಇಂಗ್ಲಿಷು ಅದಕ್ಕೆ ಸಾಕಾಯಿತು.

ಭಾಲ್ಕಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಮೋಟರ್ ರಿಪೇರಿಯವನು. ನಾನು ಕೊಂಡ ಸುಟ್ಟ ಕೂಲರು, ಪಂಪುಗಳಿಗೆ ಜೀವ ಕೊಡುವವನು ಅವನೇ. ವಾರಕ್ಕೊಮ್ಮೆ ಅವನನ್ನು ಟೆಂಪೋಗೆ ಹತ್ತಿಸಿಕೊಂಡು, ಕಮಲನಗರದ ಮೇಲಿಂದ ಔರಾದಿನ ಸಂತೆಗೆ ಹೋಗುತ್ತೇನೆ. ಅವನಿಗೆ ಇಂಗ್ಲಿಷು ಬರುವುದಿಲ್ಲ. ದಾರಿಯುದ್ದಕ್ಕೂ ನಾನು ಈ ಕಥೆ ಹೇಳುತ್ತಿದ್ದೆ, ಅವನು ಅದರಲ್ಲಿ ತಪ್ಪು ಹುಡುಕುತ್ತಿದ್ದ.

"ಅಷ್ಟ್ ದೊಡ್ಡ ಮಶೀನಿನ ಮೊಣಕಾಲಿಗೆ ಗ್ರೀಸ್ ಯಾರ್ ಹಚ್ತಾರ?"

"ಅದಕ್ಕೊಬ್ಬ ಮಿಸ್ತ್ರಿ ಅದಾನ. ಇಪ್ಪತ್ತನಾಕು ವಯಸ್ಸಿನವ."

"ಹಂಗಾದ್ರ ಅವನ ಕಥಿ ಹೇಳು. ಒಳಗ ಕೂತು ಮೆರಿಯೋ ಸಾಹೇಬನ್ನ ಬಿಡು."

ಅವನು ಮಿಸ್ತ್ರಿಯನ್ನೇ ಯಾಕೆ ಆರಿಸಿಕೊಂಡ ಎಂದು ನನಗೆ ಗೊತ್ತಿತ್ತು. ಅವನ ಒಬ್ಬನೇ ಮಗ ಸೈನ್ಯದಲ್ಲಿ ವಾಹನ ರಿಪೇರಿ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಬೆಟ್ಟದ ದಾರಿಯಲ್ಲಿ ಗಾಡಿ ಉರುಳಿ ತೀರಿಹೋದ.

ಸುದ್ದಿ ಮೊದಲು ಬಂದದ್ದು ಗೆಳೆಯನ ಅಳಿಯನಿಗೆ. ನಮ್ಮ ಕಡೆ ಇಂಥದ್ದನ್ನು ಯಾರೂ ನೇರ ಹೇಳುವುದಿಲ್ಲ. 'ಸೀರಿಯಸ್ ಅದಾನ' ಅನ್ನುತ್ತಾರೆ, ನಾಲ್ಕು ಜನ ಸಂಬಂಧಿಕರು ಕೂಡಿದ ಮೇಲೆ ಉಳಿದದ್ದು. ಮಾತು ಬಲ್ಲವನೆಂದು ಆ ಕೆಲಸ ನನಗೆ ಬಂತು. ನಾನು ಸೀರಿಯಸ್ ಅಂದೆ. ಅವನು ಮಗನ ಸ್ವೆಟರು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟ. ಜನ ಕೂಡುವ ತನಕ ಹೊತ್ತು ಕಳೆಯಬೇಕಿತ್ತು, ಬೀದರ ಸ್ಟೇಷನ್ನಿಗೆ ಕರೆತಂದೆ. ಟಿಕೆಟ್ ಸಾಲಿನಲ್ಲಿ ನಿಂತು ಅವನು, "ಹೊಳ್ಳಿ ಬರೋ ಟಿಕೇಟೂ ಮಾಡ್ಸು. ಇಬ್ಬರಿಗೂ ಕೆಳಗಿನ ಬರ್ತ್ ಹಾಕು, ಅವಗ ಮ್ಯಾಲ ಹತ್ತಾಕ ಆಗೂದಿಲ್ಲ" ಅಂದ. ನಾನು ಫಾರ್ಮಿನಲ್ಲಿ ಅವನ ಹೆಸರಿನ ಕೆಳಗೆ ಮಗನ ಹೆಸರು, ವಯಸ್ಸು ಬರೆದೆ. ನಮ್ಮ ಸರದಿ ಬರುವ ಮೊದಲೇ ಅಳಿಯ ಬಂದು ಅವನ ಕಾಲ ಬಳಿ ಕುಸಿದು ಕೂತ.

ಹೀಗಾಗಿ ಕಥೆ ಹೇಳುತ್ತ ಆರನೇ ಸಂಪುಟಕ್ಕೆ ಬಂದಾಗ ನಾನು ಚೌಕಾಶಿಗಿಳಿದೆ. ಸಾವನ್ನು ಗಾಯಕ್ಕೆ ಇಳಿಸಿದೆ. ಟೆಂಪೋ ಕಮಲನಗರ ದಾಟಿತ್ತು.

"ಮಿಸ್ತ್ರಿಗಿ ಪೆಟ್ಟಾತು. ದವಾಖಾನಿಗಿ ಹಾಕ್ಯಾರ. ಆರಾಮ ಆಗ್ತಾನ, ಮುಂದ ಕೇಳು..."

ಅವನು ಹೊರಗಿನ ತೊಗರಿ ಹೊಲವನ್ನೇ ನೋಡುತ್ತಿದ್ದ.

"ಗಾಡಿ ಬಾಜೂಕ ಹಾಕು, ಸೇಠ."

ಹಾಕಿದೆ.

"ಸುಟ್ಟ ಮೋಟರಿಗಿ ಪೇಂಟ್ ಹೊಡ್ದು ಗಿರಾಕಿಗಿ ಹಚ್ಚುವಾಗ ನೀ ಹಿಂಗೇ ಜಲ್ದಿ ಜಲ್ದಿ ಮಾತಾಡ್ತಿ. ಸತ್ತಾನಲ್ಲ?"

ನಾನು ಇಂಜಿನ್ ಬಂದ್ ಮಾಡಿದೆ.

"ಅವತ್ತೂ ಸೀರಿಯಸ್ ಅಂದಿ. ನನ್ನ ಮಗನ ಹೆಸರು ಫಾರ್ಮಿನ್ಯಾಗ ಬರ್ದಿ. ನಾ ನೋಡೇನಿ, ಅಕ್ಷರ ದುಂಡಗಿದ್ವು. ಕೈ ನಡುಗಿದ್ದಿಲ್ಲ ನಿಂದು."

"ತಡ್ಕೊಳ್ಳಾಕ ನಿನಗ ಸ್ವಲ್ಪ ಟೈಮ್ ಸಿಗಲಿ ಅಂತ ಮಾಡ್ದೆ."

"ಏನ್ ಸಿಕ್ತು? ಅವಾ ಹೋದ ಮ್ಯಾಲ ಅರ್ಧಾ ದಿನ ನಾ ಅವನ ಊಟದ ಚಿಂತಿ ಮಾಡ್ದೆ. ಓಣಿಯವ್ರೆಲ್ಲ ಅಳಾಕತ್ತಿದ್ರು, ನಾ ಒಬ್ಬನೇ ಬರ್ತ್ ಕೇಳಾಕತ್ತಿದ್ದೆ." ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಇದನ್ನರ ಇದ್ದಂಗ ಓದು."

ಪುಸ್ತಕ ಸೀಟಿನ ಹಿಂದೆ ಇತ್ತು. ಒಂದೊಂದೇ ಸಾಲು ಓದಿ ನಮ್ಮ ಮಾತಿನಲ್ಲಿ ಹೇಳಿದೆ. ಯಂತ್ರದ ಮೊಣಕಾಲಿನ ಕೀಲಿನಲ್ಲಿ ಸಿಕ್ಕಿಬಿದ್ದ ಪಿನ್ನು ತೆಗೆಯಲು ಮಿಸ್ತ್ರಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ಒಳಗೆ ತೂರುತ್ತಾನೆ. ಪಿನ್ನು ಹೊರಬರುತ್ತದೆ. ಗುಂಡು ಬೀಳುತ್ತದೆ. ಯಂತ್ರ ಎದ್ದು ನಡೆಯುತ್ತದೆ, ಅವನು ಏಳುವುದಿಲ್ಲ. ಪುಸ್ತಕದಲ್ಲಿ ಅದು ನಾಲ್ಕೇ ಸಾಲು.

"ಇಷ್ಟೇನಾ?"

"ಇಷ್ಟೇ."

"ಅವನ ಪಾನಾ ಯಾರ್ ತಗೊಂಡ್ರು?"

"ಬರ್ದಿಲ್ಲ."

"ಬರೀಬೇಕಿತ್ತು," ಅಂದ. ಆಮೇಲೆ ಅತ್ತ. ಮಗನನ್ನು ಮಣ್ಣು ಮಾಡಿದ ದಿನ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು, "ನಡಿ, ಸಂತಿ ಮುಗೀತದ" ಅಂದ.

ಏಳನೇ ಸಂಪುಟವನ್ನು ಅವನು ಇನ್ನೂ ಕೇಳಿಲ್ಲ. ಈಗಲೂ ವಾರಕ್ಕೊಮ್ಮೆ ಭಾಲ್ಕಿಯಲ್ಲಿ ಹತ್ತುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ. ಕಮಲನಗರ ದಾಟಿ ಆ ತೊಗರಿ ಹೊಲ ಹಿಂದಾಗುವವರೆಗೆ ಮಾತಾಡುವುದಿಲ್ಲ. ಅಷ್ಟು ದೂರ ನಾನೂ ಬಾಯಿ ಮುಚ್ಚಿಕೊಂಡೇ ಗಾಡಿ ಓಡಿಸುತ್ತೇನೆ.