ತಲೆ ಮೂಸುವ ಅಕ್ಕೋರು

ನೀಲಮ್ಮ ಅಕ್ಕೋರು ಮಕ್ಕಳ ತಲೆ ಸವರಿದ್ದನ್ನು ನಾನು ನೋಡಿಲ್ಲ. ಅವರು ಮೂಸುತ್ತಿದ್ದರು. ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಬರುವಾಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ನೆತ್ತಿಗೂ ಮೂಗು ತರುವರು. ನರಗುಂದದ ಆ ಶಾಲೆಯಲ್ಲಿ ಅವರು ಹಿರಿಯ ಟೀಚರು; ಆಗಷ್ಟೇ ಅಲ್ಲಿಗೆ ಟೀಚರಾಗಿ ಸೇರಿದ್ದ ನನಗೆ ನಗು ಬರುತ್ತಿತ್ತು. "ಹುಡುಗೂರು ಬಾಯಿಲೆ ಹೇಳೂದಿಲ್ಲ ತಂಗಿ, ಮೈಲೆ ಹೇಳ್ತಾವು" ಎನ್ನುತ್ತಿದ್ದರು.

ಮೂರನೆಯ ತರಗತಿಯ ಕಸ್ತೂರಿಯನ್ನು ಮೂಸಿದಾಗ ಒಂದು ದಿನ ಅವರ ಮುಖ ಅವಳ ಕಿವಿಯ ಬಳಿ ನಿಂತುಬಿಟ್ಟಿತು. ಕೀವಿನ ನಾತ. ಕಸ್ತೂರಿಯ ಅಪ್ಪ ಕಾಳಿನ ದೊಡ್ಡ ವ್ಯಾಪಾರಿ. ಇವಳ ತಾಯಿ ಸತ್ತ ಮೇಲೆ ಬಂದ ಎರಡನೆಯ ಹೆಂಡತಿಯ ಮಕ್ಕಳು ಕಾರಿನಲ್ಲಿ ಬೇರೆ ಶಾಲೆಗೆ ಹೋಗುತ್ತಿದ್ದರು. ಇವಳು ಹಿತ್ತಲಿನಲ್ಲಿ ಖಾಲಿ ಚೀಲಗಳ ಕೋಣೆಯಲ್ಲಿ ಮಲಗಿ, ಬಿಸಿಯೂಟಕ್ಕೆಂದೇ ನಮ್ಮಲ್ಲಿಗೆ ಬರುತ್ತಿದ್ದಳು.

ಅಕ್ಕೋರೇ ಅವಳನ್ನು ದವಾಖಾನೆಗೆ ಕರೆದೊಯ್ದರು. ಒಂದು ಕಿವಿ ಹೋಗಿಬಿಟ್ಟಿದೆ ಎಂದರು ಡಾಕ್ಟರು. ಅದೇ ಸಂಜೆ ಅಕ್ಕೋರು ನನ್ನನ್ನೂ ಕರೆದುಕೊಂಡು ಕಸ್ತೂರಿಯ ಮನೆಗೆ ಹೋದರು. ಅಪ್ಪ ಚಹಾ ತರಿಸಿದ.

"ಇನ್ನೊಂದು ಕಿವಿ ಐತಲ್ರಿ ಅಕ್ಕೋರ" ಎಂದು ನಕ್ಕ. "ಹೆಣ್ಣ ಹುಡುಗಿ. ನಾಳೆ ಅತ್ತಿ ಬೈದದ್ದು ಕೇಳಸೂದಿಲ್ಲ, ಚಲೋನ ಆತು."

ಅಕ್ಕೋರು ಚಹಾ ಮುಟ್ಟಲಿಲ್ಲ. ಅಲ್ಲೇ ಕೂತು ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿ, ಅವನ ಹೆಸರನ್ನು ಅವನೆದುರೇ ಹೇಳಿದರು.

ಅಧಿಕಾರಿಗಳು ಬಂದರು, ಕೋಣೆ ನೋಡಿದರು, ಕಸ್ತೂರಿಯನ್ನು ಗದಗಿನ ಬಾಲಮಂದಿರಕ್ಕೆ ಕರೆದೊಯ್ದರು. ಜೀಪು ಹತ್ತುವಾಗ ಅವಳು ಅಪ್ಪನ ಅಂಗಿ ಹಿಡಿದು ಬಿಡಲಿಲ್ಲ. ಅವನೇ ಬೆರಳು ಬಿಡಿಸಿದ. ಊರ ಹಿರಿಯರು ಶಾಲೆಗೆ ಬಂದು, "ಮರ್ಯಾದಸ್ಥರ ಮನಿ ಒಡದ್ರಿ" ಎಂದು ಅಕ್ಕೋರನ್ನು ಬೈದರು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅಕ್ಕೋರಿಗೆ ರಾಜೂರ ಶಾಲೆಗೆ ವರ್ಗವಾಯಿತು.

ಅವರು ಕೊನೆಯ ಸಲ ಸಿಕ್ಕಿದ್ದು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ. ಬಾಲಮಂದಿರದಿಂದ ಬರುತ್ತಿದ್ದರು. ಅಪ್ಪ ಒಮ್ಮೆಯೂ ಅತ್ತ ಹಾಯ್ದಿರಲಿಲ್ಲವಂತೆ.

"ಕಸ್ತೂರಿ ಮಾತಾಡಿದ್ಲೇನ್ರಿ?" ಎಂದೆ.

"ಗ್ವಾಡಿ ಕಡೆ ಮಾರಿ ತಿರುವಿ ನಿಂತಳು. 'ನಿಮ್ಮ ಸಲುವಾಗೇ ಅಪ್ಪ ನನ್ನ ಬಿಟ್ಟ, ನೀವು ಬರಬ್ಯಾಡ್ರಿ' ಅಂದಳು. ಪ್ರತಿ ಸಲಾನೂ ಅದನ್ನ ಅಂತಾಳ."

"ಮತ್ತ್ಯಾಕ ಹೋಗ್ತೀರಿ?"

"ಬೈಲಿಕ್ಕಾದ್ರೂ ಅಕಿಗೆ ಯಾರಾದ್ರೂ ಬೇಕಲ್ಲ ತಂಗಿ."

ದೀಪಾವಳಿಗೆ ಮುಂಚೆ ಅಕ್ಕೋರು ತೀರಿಕೊಂಡರು. ಸುದ್ದಿ ಹೇಳಲು ನಾನೇ ಬಾಲಮಂದಿರಕ್ಕೆ ಹೋದೆ. ಕಸ್ತೂರಿ ಅಳಲಿಲ್ಲ.

"ಹಂಗಾರ ಇನ್ನ ಯಾರೂ ಬರೂದಿಲ್ಲ" ಎಂದಳು. ಒಳಗೆ ಹೋದಳು.