ಕಾಂಗೇಯಂಗೆ ಕೊಳಲು ಕೇಳಲು ಹೋದದ್ದು

ಸಂಗೀತ ಕೇಳಲೆಂದು ಊರೂರು ದಾಟಿ ಹೋಗುವವಳಲ್ಲ ನಾನು. ಕೊಯಮತ್ತೂರಿನ ಶಾಲೆಯಲ್ಲಿ ದಿನವಿಡೀ ಗಣಿತ ಹೇಳಿಕೊಟ್ಟು ಮನೆಗೆ ಬಂದರೆ ಫ್ಯಾನಿನ ಸದ್ದೂ ಹೆಚ್ಚೆನಿಸುತ್ತದೆ. ಆದರೂ ಹೋದ ವರ್ಷ ಒಂದು ಭಾನುವಾರ ಕೊಳಲು ಕಛೇರಿಗೆಂದು ಕಾಂಗೇಯಂವರೆಗೆ ಹೋದೆ. ನನಗಾಗಿ ಅಲ್ಲ, ಸೋಮನೂರಿನ ಗೆಳತಿಗಾಗಿ.

ನಾವಿಬ್ಬರೂ ಸೋಮನೂರಿನ ಒಂದೇ ಬೀದಿಯಲ್ಲಿ, ಮಗ್ಗದ ಶೆಡ್ಡುಗಳ ನಡುವೆ ಬೆಳೆದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಓದಿ ಊರು ಬಿಟ್ಟೆ. ಅವಳು ಅಲ್ಲೇ ಮದುವೆಯಾಗಿ ಗಂಡನ ಜೊತೆ ಪವರ್‌ಲೂಮ್ ನಡೆಸಿದಳು. ಮಗ್ಗ ಓಡುವಾಗ ಆ ಶೆಡ್ಡಿನೊಳಗೆ ಪಕ್ಕದಲ್ಲಿ ನಿಂತವರು ಕಿರುಚಿದರೂ ಕೇಳಿಸದು, ಇನ್ನು ಹಾಡೆಲ್ಲಿ? ಕರೆಂಟ್ ಹೋದಾಗ ಮಾತ್ರ ಅವಳ ಬ್ಯಾಟರಿ ರೇಡಿಯೋಗೆ ಜೀವ ಬರುತ್ತಿತ್ತು. ಹಾಗೆ ಒಂದು ಮಧ್ಯಾಹ್ನ ಅವಳಿಗೆ ಸಿಕ್ಕಿದವರು ಈ ಕೊಳಲು ವಿದ್ವಾಂಸರು. ಆಮೇಲೆ ಬ್ಯಾಟರಿಯ ಟೇಪ್‌ರೆಕಾರ್ಡರನ್ನೂ ಅವರ ಕ್ಯಾಸೆಟ್ಟುಗಳನ್ನೂ ತರಿಸಿಕೊಂಡಳು. ಕರೆಂಟ್ ಹೋಯಿತೆಂದು ಮನೆಯವರೆಲ್ಲ ಗೊಣಗುತ್ತಿದ್ದರೆ ಇವಳೊಬ್ಬಳು ಕುಣಿದುಕೊಂಡು ಹೋಗಿ ಗುಂಡಿ ಒತ್ತುತ್ತಿದ್ದಳು. ರಾಗ ಮೇಲೇರಿ ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಕರೆಂಟ್ ಬರುತ್ತಿತ್ತು. ಎದ್ದು ಹೋಗಿ ಮಗ್ಗ ಓಡಿಸಲೇಬೇಕು.

"ಈಗ ಫೋನಲ್ಲೇ ಎಲ್ಲಾ ಬರ್ತದಲ್ಲ, ಕೇಳು" ಎಂದು ನಾನೇ ಎಷ್ಟೋ ಸಲ ಹೇಳಿದ್ದೆ.

"ಫೋನಲ್ಲಿ ಕೇಳಿದ್ರೆ ಕೇಳ್ದಂಗಾ? ಒಂದೇ ಒಂದ್ ದಪ ಅವರ ಎದುರಿಗೆ ಕೂತು ಪೂರಾ ಕೇಳ್ಬೇಕಡೀ."

ಈ ಆಸೆಗೆ ಗಡುವು ಬಂದದ್ದು ಅವಳ ಕಿವಿಯಿಂದ. ಮಗ್ಗದ ಸದ್ದು ಕಿವಿಯನ್ನು ತಿಂದಿದೆ, ಸಣ್ಣ ಎತ್ತರದ ದನಿಗಳು ಮೊದಲು ಹೋಗುತ್ತವೆ, ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳು ಅದನ್ನು ನನಗೆ ಹೇಳಿದ್ದು ನಗುತ್ತಲೇ. "ಕುಕ್ಕರ್ ವಿಸಿಲ್ ಹೋಯ್ತು, ಗುಬ್ಬಚ್ಚಿ ಹೋಯ್ತು. ನಿನ್ ಬೈಗುಳ ಮಾತ್ರ ಚೆನ್ನಾಗಿ ಕೇಳ್ತಾ ಅದೆ." ನನಗೆ ನಗು ಬರಲಿಲ್ಲ. ಕಾಂಗೇಯಂನಲ್ಲಿ ಎಣ್ಣೆ ಗಿರಣಿಯವರೊಬ್ಬರು ತಮ್ಮ ಕಲ್ಯಾಣ ಮಂಟಪದಲ್ಲಿ ಅದೇ ವಿದ್ವಾಂಸರ ಕಛೇರಿ ಇಡಿಸಿದ್ದಾರೆಂದು ತಿಳಿದ ದಿನವೇ ಹೋಗುವುದೆಂದು ತೀರ್ಮಾನವಾಯಿತು.

ಕಾರು ತಂದವಳು ನಮ್ಮ ಬೀದಿಯ ಮತ್ತೊಬ್ಬ ಗೆಳತಿ. ಪಲ್ಲಡಂನಲ್ಲಿ ಕೋಳಿ ಫಾರಂ ನಡೆಸುತ್ತಾಳೆ. ಕಾರಿನ ತುಂಬ ಕೋಳಿ ಮೇವಿನ ವಾಸನೆ, ಅದರ ನಡುವೆ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಮದುಮಗಳಂತೆ ಕೂತ ಇವಳು. ಕಿವಿಗೆ ಹಾಕುವ ಮೆಷಿನ್ ಪರ್ಸಿನಲ್ಲೇ ಇತ್ತು.

"ಅದ್ನ ಹಾಕ್ಕೊಳ್ಳೇ" ಎಂದೆ.

"ಸುಮ್ಮಾ ಇರಡೀ. ಅದ್ರಲ್ಲಿ ಕೊಳಲೂ ತಗಡು ಬಡ್ದಂಗೆ ಕೇಳ್ತದೆ."

ಸ್ಟಿಯರಿಂಗ್ ಹಿಡಿದವಳು, "ಮೊದ್ಲ ಸಾಲಲ್ಲಿ ಕೂರ್ಸಿ ಸ್ಪೀಕರ್‌ಗೇ ಕಟ್ಟಾಕ್ತೀನಿ ಬಿಡು" ಎಂದಳು. ಪಲ್ಲಡಂ ದಾಟಿದ ಮೇಲೆ ರಸ್ತೆ ಪಕ್ಕದ ಕಣಗಳಲ್ಲಿ ಕೊಬ್ಬರಿ ಒಣಗುತ್ತಿತ್ತು. ಕಾಂಗೇಯಂ ಮುಟ್ಟುವವರೆಗೂ ಮೂವರೂ ಬಾಯಿ ಮುಚ್ಚಲಿಲ್ಲ.

ಮಂಟಪದಲ್ಲಿ ಎರಡನೆಯ ಸಾಲು ಸಿಕ್ಕಿತು. ಕಛೇರಿ ಶುರುವಾಗುವ ಮುಂಚೆ ನಮ್ಮ ಮಾತು ಮತ್ತೆ ನಡೆದಿತ್ತು, ದನಿಯಿಲ್ಲದೆ. ಮಗ್ಗದ ಮನೆಯವರಿಗೆ ಇದು ಹುಟ್ಟಿನಿಂದ ಬಂದ ವಿದ್ಯೆ. ಶೆಡ್ಡಿನ ಆ ತುದಿಯಿಂದ ತುಟಿಯಾಡಿಸಿದರೆ ಈ ತುದಿಯಲ್ಲಿ ಪೂರ್ತಿ ಅರ್ಥವಾಗುತ್ತದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ನಮ್ಮನ್ನೇ ನೋಡಿ ನೋಡಿ, ಕಡೆಗೆ ಮರುಕದಿಂದ ಕೈಸನ್ನೆಯಲ್ಲೇ ಕುಡಿಯಲು ನೀರು ಬೇಕೆ ಎಂದು ಕೇಳಿದರು. ನಾವು ಮೂಗಿಯರೆಂದುಕೊಂಡಿದ್ದರು, ಪಾಪ. ಕೋಳಿ ಫಾರಂನವಳು ಗಟ್ಟಿಯಾಗಿ ತಮಿಳಲ್ಲಿ "ವೇಂಡಾಂಗ", ಬೇಡ ಎಂದದ್ದಕ್ಕೆ ಅವರು ಬೆಚ್ಚಿಬಿದ್ದರು.

ವಿದ್ವಾಂಸರಿಗೆ ತುಂಬ ವಯಸ್ಸಾಗಿತ್ತು. ಉದ್ದನೆಯ ಕೊಳಲಲ್ಲಿ ಶುರು ಮಾಡಿದರು. ಕೆಳಗಿನ ಸ್ವರಗಳು ನಿಧಾನಕ್ಕೆ ತುಂಬಿಕೊಂಡು ಬಂದವು. ಇವಳ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ನನ್ನ ಕಡೆ ತಿರುಗಿ, "ಎಲ್ಲಾ ಕೇಳ್ತಾ ಅದೆ" ಎಂದು ತುಟಿಯಾಡಿಸಿದಳು. ಕಣ್ಣಲ್ಲಿ ನೀರು ನಿಂತಿತ್ತು. ನನಗಾದ ಸಂತೋಷ ಇಷ್ಟೇ ಎಂದು ಹೇಳಲಾರೆ. ಡಾಕ್ಟರು ಸುಳ್ಳು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆಮೇಲಿನ ರಾಗಕ್ಕೆ ಅವರು ಉದ್ದ ಕೊಳಲನ್ನು ಕೆಳಗಿಟ್ಟು ಚಿಕ್ಕದೊಂದನ್ನು ಎತ್ತಿಕೊಂಡರು. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿಯೇ ಇತ್ತು. ರಾಗ ಮೇಲೇರುತ್ತ ಹೋದಂತೆ ಇವಳ ಕೈ ತಡವರಿಸಿ ನಿಂತಿತು. ವೇದಿಕೆಯ ಕಡೆ ಕಣ್ಣು ಕಿರಿದಾಗಿಸಿ ನೋಡಿದಳು. ಮತ್ತೆ ನನ್ನತ್ತ ತಿರುಗಿದಳು.

"ಮೈಕ್ ಕೆಟ್ಟೋಯ್ತಾ?"

ಮೈಕಿಗೇನೂ ಆಗಿರಲಿಲ್ಲ. ಮಂಟಪದ ತುಂಬ ಕೊಳಲೇ ಇತ್ತು, ಬೇರೆ ಯಾರೂ ಉಸಿರೂ ಬಿಡುತ್ತಿರಲಿಲ್ಲ. ಹೌದು ಎಂದುಬಿಡಲೇ ಅನ್ನಿಸಿತು. ಆದರೆ ಅವಳಿಗೆ ಅವರ ಬೆರಳುಗಳು ಕಾಣುತ್ತಿದ್ದವು, ತಲೆದೂಗುವ ಜನ ಕಾಣುತ್ತಿದ್ದರು. "ಇಲ್ಲ" ಎಂದೆ. ತುಟಿಯಲ್ಲೇ.

ನನಗೆ ಕೆಟ್ಟ ಸಿಟ್ಟು ಬಂತು, ಮಗ್ಗದ ಮೇಲೋ, ಇಷ್ಟು ತಡಮಾಡಿದ ನಮ್ಮ ಮೇಲೋ ತಿಳಿಯದು. ಪರ್ಸಿನತ್ತ ಕೈ ತೋರಿಸಿದೆ. ತಲೆಯಾಡಿಸಿ ಬೇಡ ಎಂದಳು. ಆಮೇಲೆ ನನ್ನ ಮೊಣಕೈ ಹಿಡಿದು, "ನೀ ಕೇಳು. ಪೂರಾ ಕೇಳು" ಎಂದಳು.

ಕೇಳಿದೆ. ನನ್ನ ಜನ್ಮದಲ್ಲಿ ಯಾವುದನ್ನೂ ಹಾಗೆ ಕೇಳಿರಲಿಲ್ಲ. ಸ್ವರ ಮೇಲೆ ಹೋಯಿತು, ಇನ್ನು ಜಾಗವಿಲ್ಲ ಎನ್ನುವಲ್ಲಿ ಮತ್ತೊಂದು ಮೆಟ್ಟಿಲು ಹತ್ತಿತು, ಅಲ್ಲಿ ನಡುಗದೆ ನಿಂತಿತು. ಆ ವಯಸ್ಸಿನ ಉಸಿರಿನಲ್ಲಿ ಅದು ಹೇಗೆ ನಿಂತಿತೋ! ಅಳುತ್ತಿದ್ದೇನೆಂದು ನನಗೇ ಗೊತ್ತಾಗಲಿಲ್ಲ.

ರಾಗ ಮುಗಿದು ಜನ ಚಪ್ಪಾಳೆ ತಟ್ಟಿದರು. ಇವಳಿಗೆ ಏನು ಹೇಳುವುದು? ಅಷ್ಟೇನೂ ಚೆನ್ನಾಗಿರಲಿಲ್ಲ ಎಂದರೆ ನೋವು ಕಡಿಮೆಯಾದೀತೆ ಎಂದು ಯೋಚಿಸುತ್ತಲೇ ಅವಳತ್ತ ತಿರುಗಿದೆ. ಅವಳು ಆಗಲೇ ನನ್ನ ಕಡೆ ತಿರುಗಿ ಕೂತಿದ್ದಳು.

"ತುಂಬಾ ಚೆನ್ನಾಗಿತ್ತು ಕಣೇ" ಎಂದೆ, ಈ ಸಲ ದನಿಯೆತ್ತಿಯೇ.

"ಗೊತ್ತಡೀ" ಎಂದಳು. "ಮುಗಿಯೋಗಂಟ ನಿನ್ ಮುಖಾನೇ ನೋಡ್ತಾ ಇದ್ದೆ."